ಮೆಣಸಿನ ಡಬ್ಬ ಮತ್ತು ಒಂದೇ ಒಂದು ರನ್ನು

ಸೌದಿ ಅರೇಬಿಯಾದ ಖಫ್ಜಿಯ ತೈಲ ಕ್ಯಾಂಪಿನಲ್ಲಿ ಮೆಸ್ ನಡೆಸುವವಳು ನಗುವನ್ನು ಹುಡುಕಿಕೊಂಡು ಹೋಗಬೇಕಾಗಿಲ್ಲ. ಅದೇ ತಟ್ಟೆ ಹಿಡಿದು ಸಾಲಿನಲ್ಲಿ ಬಂದು ನಿಲ್ಲುತ್ತದೆ. ಈ ಸಲ ಬೇಸ್‌ಬಾಲ್ ಹೆಸರಿನಲ್ಲಿ ಬಂತು.

ಪಂಥ

ನನ್ನಲ್ಲಿ ಊಟ ಮಾಡುವ ಅಮೆರಿಕದ ಇಂಜಿನಿಯರುಗಳಿಗೆ ಬಂಗುಡೆ ಸಾರು ಖಾರವಂತೆ. ಅವರಲ್ಲಿ ಹಿರಿಯವನು ಬಂದು, "ಮೇಡಂ, ಮೆಣಸು ಕಡಿಮೆ ಮಾಡಿ" ಅಂದ.

"ನನ್ನ ಮೆಣಸಿನ ತಂಟೆಗೆ ಬರಬೇಡಿ" ಅಂದೆ.

ಮಾತಿಗೆ ಮಾತು ಬೆಳೆದು ಪಂಥವಾಯಿತು. ಶುಕ್ರವಾರ ಸಂಜೆ ಅವರಿಗೂ ನಮ್ಮ ಮಂಗಳೂರು, ಉಡುಪಿಯವರಿಗೂ ಬೇಸ್‌ಬಾಲ್. ನಮ್ಮವರು ಒಂದೇ ಒಂದು ರನ್ ಮಾಡಿದರೂ ಸಾರಿನ ಖಾರ ಹಾಗೇ ಇರುತ್ತದೆ. ಮಾಡದಿದ್ದರೆ ಒಂದು ತಿಂಗಳು ಮೆಣಸಿಲ್ಲದ ಸಾರು, ಎಲ್ಲರಿಗೂ.

"ಅಕ್ಕಾ, ನಮ್ಮನ್ನೊಂದು ಮಾತು ಕೇಳಲೇ ಇಲ್ಲವಲ್ಲ?" ಅಂದ ಸ್ಟೋರ್‌ಕೀಪರ್.

"ಸಾರು ಮಾಡುವಾಗ ಬಂಗುಡೆಯನ್ನು ಕೇಳುತ್ತೇನಾ?"

ಕೋಚು

ನಾನು ಐದನೇ ಕ್ಲಾಸು. ಇಂಗ್ಲಿಷ್ ಕಲಿತದ್ದು ಡಬ್ಬಗಳ ಲೇಬಲ್ ಓದಿ. ಊರಿಗೆ ಹೊರಟ ಯಾರೋ ಎಸೆದು ಹೋದ ಹಳೆಯ ಬೇಸ್‌ಬಾಲ್ ಪುಸ್ತಕ ನನ್ನ ಹತ್ತಿರ ಇತ್ತು. ಹಾಗಾಗಿ ಕೋಚು ನಾನೇ.

ನೂರು ವರ್ಷದ ಹಿಂದೆ ಸಂಬಳಕ್ಕೆ ಆಡುವ ತಂಡವೊಂದು ಒಂದೂ ರನ್ ಇಲ್ಲದೆ ಹೀನಾಯವಾಗಿ ಸೋತ ಕಥೆ ಅದರಲ್ಲಿತ್ತು. ಓದಿ ಹೇಳಿದೆ. ಎಲ್ಲರೂ ಹೊಟ್ಟೆ ಹಿಡಿದು ನಕ್ಕರು.

"ಸಂಬಳ ತಗೊಂಡು ಸೊನ್ನೆಯಾ ಮಾರಾಯ!" ಅಂದ ಬಸ್ ಡ್ರೈವರ್.

ಅವನ ಆತ್ಮವಿಶ್ವಾಸ ನೋಡಿ ಅವನನ್ನೇ ಕ್ಯಾಪ್ಟನ್ ಮಾಡಿದೆ.

ಎರಡು ರನ್

ಚೆಂಡು ಹೊಡೆದು, ಬ್ಯಾಟು ಬಿಸಾಡಿ, ಮೂರು ಮೂಲೆಯ ಮೂರು ಬೇಸ್ ಮುಟ್ಟಿ, ಸುತ್ತಿ ಹೊರಟಲ್ಲಿಗೇ ಬಂದರೆ ಒಂದು ರನ್. ಇದನ್ನು ಒಂದು ವಾರ ಬಾಯಿಪಾಠ ಮಾಡಿಸಿದ್ದೆ.

ನಮ್ಮ ಅಕೌಂಟೆಂಟ್ ಚೆನ್ನಾಗಿಯೇ ಹೊಡೆದ. ಬ್ಯಾಟು ಹಿಡಿದುಕೊಂಡೇ ಮೊದಲ ಬೇಸಿಗೆ ಓಡಿ, ಅಲ್ಲಿ ಬ್ಯಾಟು ಊರಿ, ತಿರುಗಿ ವಾಪಸ್ ಓಡಿ ಬಂದ.

"ಎರಡಾಯ್ತು ಅಕ್ಕಾ!"

ಚೆಂಡು ಹಿಡಿದ ಇಂಜಿನಿಯರ್ ಅವನ ಬೆನ್ನು ಮುಟ್ಟಿ ಔಟ್ ಮಾಡಿದ. ಇವನು ಅದನ್ನು ಶಹಬ್ಬಾಸ್ ಎಂದುಕೊಂಡು ಕೈ ಕುಲುಕಿದ.

ಅಜ್ಜನ ಮರ್ಯಾದೆ

ಅವರದು ಇಪ್ಪತ್ತಾರು ರನ್, ನಮ್ಮದು ಸೊನ್ನೆ ಆದಾಗ ಹಿರಿಯ ಇಂಜಿನಿಯರ್ ನನ್ನ ಬಳಿ ಬಂದ. "ಮೇಡಂ, ಇಷ್ಟು ಅಂತರವಾದರೆ ಆಟ ನಿಲ್ಲಿಸಬಹುದು. ನಿಯಮವಿದೆ."

"ನನ್ನ ಪುಸ್ತಕದಲ್ಲಿ ಇಲ್ಲ."

"ಅದು ಯಾವ ಕಾಲದ ಪುಸ್ತಕ?"

"ನಿಮ್ಮ ಅಜ್ಜನ ಕಾಲದ್ದು. ಅಜ್ಜನಿಗೆ ಮರ್ಯಾದೆ ಕೊಡಿ."

ಕೊಟ್ಟರು. ಮೂವತ್ತೊಂಬತ್ತಾಯಿತು.

ಕೊನೆಯ ಹೊಡೆತ

ನಮ್ಮ ಕೊನೆಯ ಸರದಿ. ಇನ್ನೊಬ್ಬ ಔಟಾದರೆ ಆಟ ಮುಗಿಯಿತು. ಡ್ರೈವರ್ ನಿಂತ. ಸ್ಟೋರ್‌ಕೀಪರ್ ಕಣ್ಣು ಮುಚ್ಚಿ, "ದೇವರೇ, ಒಂದು ತಿಂಗಳ ಸಾರು" ಅಂತ ಗೊಣಗುತ್ತಿದ್ದ.

ಹೊಡೆದ ನೋಡಿ! ಚೆಂಡು ಬೇಲಿ ದಾಟಿ ನೀರಿನ ಟ್ಯಾಂಕರಿನ ಆಚೆ ಬಿತ್ತು. ಇಂಜಿನಿಯರುಗಳೂ ಚಪ್ಪಾಳೆ ತಟ್ಟಿದರು. ಬೇಲಿ ದಾಟಿದ ಮೇಲೆ ತಡೆಯುವವರಿಲ್ಲ. ಹರಟುತ್ತಾ ನಡೆದು ಬೇಸ್ ಮುಟ್ಟಿ ಬಂದರೂ ರನ್ ನಮ್ಮದೇ.

ಡ್ರೈವರ್ ಬ್ಯಾಟು ಎತ್ತಿ ನಾಲ್ಕೂ ದಿಕ್ಕಿಗೆ ತೋರಿಸಿದ. ನೇರ ಬೆಂಚಿಗೆ ಬಂದು ಕೂತು ಮಜ್ಜಿಗೆ ಕೇಳಿದ. ಅಂಪೈರ್ ಕಾದ, ಕಾದ, ಕೊನೆಗೆ ಔಟ್ ಕೊಟ್ಟ.

"ಓಡಲಿಲ್ಲ ಯಾಕೋ?" ಅಂತ ಕಿರುಚಿದೆ.

"ಸಿಕ್ಸರಿಗೆ ಎಂತಕ್ಕೆ ಓಡುವುದು ಅಕ್ಕಾ? ನೀವೇ ಕೊಟ್ಟಿರಲ್ಲ!"

ಆಗಲೇ ನೋಡಿಕೊಂಡದ್ದು. ಕ್ರಿಕೆಟ್ ಅಂಪೈರಿನ ಹಾಗೆ ನನ್ನ ಎರಡೂ ಕೈ ಇನ್ನೂ ಮೇಲೆಯೇ ಇದ್ದವು. ಹೇಗೂ ಮೇಲಿವೆಯಲ್ಲ ಅಂತ ಹಾಗೇ ಅಡುಗೆಮನೆಗೆ ಹೋಗಿ, ಮೆಣಸಿನ ಡಬ್ಬವನ್ನು ಎತ್ತಿ ಅಟ್ಟಕ್ಕೆ ಸೇರಿಸಿದೆ.