ಗಜಕರ್ಣಕ್ಕೆ ಸೊಪ್ಪು ಹುಡುಕಿದ್ದು

ಮಂಡ್ಯದ ನಮ್ಮ ದವಾಖಾನೆಯಲ್ಲಿ ನಗು ಬಾರದೆ ಬಾಗಿಲು ಹಾಕಿದ ದಿನ ನನಗೆ ನೆನಪಿಲ್ಲ. ನಾನು ಅಲ್ಲಿ ಕಾಂಪೌಂಡರ್. ಎರಡನೇ ಮಹಾಯುದ್ಧ ಶುರುವಾಗಿ ವಿಲಾಯಿತಿ ಮುಲಾಮು ಬರುವುದು ನಿಂತಿತ್ತು. ಗದ್ದೆಗೆ ಇಳಿಯುವವರಿಗೆಲ್ಲ ಗಜಕರ್ಣ, ತುರಿಕೆ. ನಮ್ಮ ಡಾಕ್ಟರು, "ಇದೂ ಬೂಷ್ಟಿನ ಜಾತಿಯೇ ಕಣಯ್ಯ. ಯಾವ ಸೊಪ್ಪಿಗೆ ಸಾಯುತ್ತೋ ನೋಡೇಬಿಡೋಣ" ಎಂದು ಹೊರಟರು.

ಬೀರುವಿನ ಮುದ್ದೆ

ಹದಿನಾಲ್ಕು ಬಟ್ಟಲಲ್ಲಿ ಚೂರುಚೂರು ರಾಗಿಮುದ್ದೆ ಇಟ್ಟು, ಒಂದಕ್ಕೆ ಬೇವು, ಒಂದಕ್ಕೆ ತುಳಸಿ, ಹೀಗೆ ಬೇರೆಬೇರೆ ರಸ ಸವರಿ ಬೀರುವಿನಲ್ಲಿಟ್ಟೆವು. ಯಾವುದಕ್ಕೆ ಬೂಷ್ಟು ಬರುವುದಿಲ್ಲವೋ ಅದೇ ಮದ್ದು. ಎಂಟನೇ ದಿನ ಬರೆದುಕೊಳ್ಳಲು ಬಾಗಿಲು ತೆರೆದರೆ ಬಟ್ಟಲೆಲ್ಲ ಫಳಫಳ! ಕಸ ಗುಡಿಸುವ ಅಜ್ಜಿ ತೊಳೆದಿಟ್ಟಿದ್ದಳು.

ಡಾಕ್ಟರು ತಲೆ ಮೇಲೆ ಕೈ ಹೊತ್ತು ಕೂತರು. ಅಜ್ಜಿ ದನಿ ತಗ್ಗಿಸಿ ಸಮಾಧಾನ ಮಾಡಿದಳು: "ನಾನ್ ಯಾರ್ಗೂ ಯೋಳಾಕಿಲ್ಲ ಬುಡಿ ಸಾಮಿ. ಮುದ್ದೆ ಸೇರ್ದೆ ಇದ್ರೆ ಅಮ್ಮಾವ್ರಿಗೆ ಅನ್ನ ಮಾಡು ಅನ್ನಬೇಕಪ್ಪ. ಇಂಗೆ ಬಚ್ಚಿಡ್ತಾರಾ?"

ಬಲಗೈ, ಎಡಗೈ

ಕೆರಗೋಡಿನ ರೈತನೊಬ್ಬನಿಗೆ ಎರಡು ಕೈಗೂ ಗಜಕರ್ಣ. ತಗಚೆ ಬೀಜ ಅರೆದ ಲೇಪ ಕೊಟ್ಟು ಡಾಕ್ಟರು ಬಿಡಿಸಿ ಹೇಳಿದರು: "ಬಲಗೈಗೆ ಮಾತ್ರ ಹಚ್ಚು. ಎಡಗೈ ಹಾಗೇ ಇರಲಿ. ಎರಡನ್ನೂ ನೋಡಿದರೆ ಮದ್ದಿನ ಗುಣ ಗೊತ್ತಾಗುತ್ತೆ."

ಹದಿನೈದು ದಿನಕ್ಕೆ ಬಂದ. ಎರಡು ಕೈಯೂ ಕೆಂಪಗೆ ಹಾಗೇ ಇವೆ.

"ಹಚ್ಚಲಿಲ್ವೇನಯ್ಯ?"

"ಅಚ್ದೆ ಸಾಮಿ, ನಮ್ ಎಮ್ಮೆಗೆ. ನೀವು ಮದ್ನ ನನ್ ಮ್ಯಾಲೆ ಆಕಿ ನೋಡ್ತೀರಿ, ನಾನು ಎಮ್ಮೆ ಮ್ಯಾಲೆ ಆಕಿ ನೋಡ್ದೆ. ಪಾಪ, ಎಮ್ಮೆಗೆ ಆಕಿ ನೋಡಾಕೆ ಯಾರೂ ಸಿಗ್ನಿಲ್ಲ!"

ಮಳವಳ್ಳಿಯ ಮದ್ದು

ಕೊನೆಗೆ ಡಾಕ್ಟರ ಕುತ್ತಿಗೆಗೇ ಗಜಕರ್ಣ ಹತ್ತಿತು. ನಮ್ಮ ಯಾವ ಸೊಪ್ಪಿಗೂ ಅದು ಜಗ್ಗಲಿಲ್ಲ. ಬೇಸಿಗೆಯಲ್ಲೂ ಮಫ್ಲರ್ ಸುತ್ತಿಕೊಂಡು ಓಡಾಡಿದರು. ತಡೆಯಲಾರದೆ ಒಂದು ದಿನ ಪೆಟ್ರೋಲಿಲ್ಲದೆ ಇದ್ದಿಲ ಹೊಗೆಯಲ್ಲಿ ಓಡುವ ಬಸ್ಸು ಹತ್ತಿ ಮಳವಳ್ಳಿಯ ನಾಟಿ ವೈದ್ಯನ ಹತ್ತಿರ ಹೋದೆವು. ಮುದುಕ ನಾಗಮಲ್ಲಿಗೆ ಬೇರನ್ನು ನಿಂಬೆರಸದಲ್ಲಿ ತೇಯ್ದು ಕೊಟ್ಟ. "ಪಥ್ಯ ಕಟ್ನಿಟ್ಟು ಸಾಮಿ. ಬದನೆಕಾಯಿ ಮುಟ್ಟಂಗಿಲ್ಲ" ಎಂದ.

ಹತ್ತೇ ದಿನ, ಕುತ್ತಿಗೆ ವಾಸಿಯಾಯಿತು! ಡಾಕ್ಟರು ಹಣ್ಣು, ಎಲೆ, ಅಡಿಕೆ ಕಟ್ಟಿಸಿಕೊಂಡು ಮುದುಕನ ಕಾಲಿಗೆ ಬೀಳಲು ಓಡಿದರು. ನಾನೂ ಜೊತೆಗೆ ಹೋಗಿ ನೋಡಿದರೆ ಆತ ಜಗಲಿ ಮೇಲೆ ಕೂತು ಕಾಲನ್ನು ಕರಕರ ಕೆರೆಯುತ್ತಿದ್ದಾನೆ. ಮಂಡಿವರೆಗೂ ಗಜಕರ್ಣ!

"ಇದೇನಜ್ಜ! ಇಂಥಾ ಮದ್ದು ಕೈಯಲ್ಲೇ ಇದೆ, ನೀನು ಹಚ್ಕೊಳ್ಳಲ್ವಾ?" ಎಂದರು ಡಾಕ್ಟರು.

ಮುದುಕ ಕೆರೆಯುವುದನ್ನು ನಿಲ್ಲಿಸದೆಯೇ ಹೇಳಿದ: "ಮದ್ದೇನೋ ಅಯ್ತೆ ಸಾಮಿ. ಬದ್ನೆಕಾಯ್ ಬುಟ್ಟು ಬದುಕಾದು ಎಂಗೆ?"