ಚಪ್ಪಡಿ ಒಣಗಿರುವ ತನಕ

ಓಟದ ಹಾದಿ ಒದ್ದೆಯಾಗುವುದು ಮಳೆಯಿಂದಲ್ಲ, ಪ್ರಕಟಣೆಯಿಂದ. ಮೋಟಾರು ಓಟ ಮಂಡಳಿಯ ನಿಯಮಾವಳಿ ಇದನ್ನು ಸ್ಪಷ್ಟಪಡಿಸಿದೆ. ಪ್ರಕಟಣೆಗೆ ಮುಂಚೆ ಎಲ್ಲರೂ ಬೋಳು ಟೈರನ್ನೇ ಹಾಕತಕ್ಕದ್ದು. ಆಮೇಲಷ್ಟೇ ನೀರು ಹೊರಚೆಲ್ಲುವ ಕಚ್ಚಿನ ಟೈರು. ತಪ್ಪಿದವರು ಓಟದಿಂದ ಹೊರಗೆ.

ಟೈರು ಹಾಕುವುದರಲ್ಲಿ ನನ್ನನ್ನು ಮೀರಿಸುವವನು ಇನ್ನೂ ಹುಟ್ಟಿಲ್ಲ. ಇದನ್ನು ನಾನೇ ಹೇಳಬೇಕಾಗಿ ಬಂದಿರುವುದು ಮಿಕ್ಕವರ ಸೋಮಾರಿತನದಿಂದ. ಹಳ್ಳಿಯ ಕೆಸರಲ್ಲಿ ಟ್ರ್ಯಾಕ್ಟರ್ ಹೊಡೆದವನಿಗೆ, ಬೋಳು ಟೈರು ನೀರ ಮೇಲೆ ಜಾರುತ್ತದೆಂದು ಯಾರೂ ಪಾಠ ಮಾಡಬೇಕಿಲ್ಲ. ನಮ್ಮ ಕಾರು ಓಡಿಸುವವರು ನನ್ನ ಭಾವ. ಅಕ್ಕ ಬೆಳಿಗ್ಗೆಯೇ ಹೇಳಿದ್ದಳು: “ನಿನ್ನ ಭಾವ ತಮ್ಮ ಕಾಲ ಮೇಲೇ ಮನೆಗೆ ಬರಬೇಕು. ಇಲ್ಲಾಂದ್ರೆ ನೀನೂ ಬರಬೇಡ.”

ಓಟಕ್ಕೆ ಮುಂಚೆಯೇ ಮಳೆ ಧೋ ಎಂದಿತು. ಒದ್ದೆಯನ್ನು ನಿರ್ಧರಿಸುವ ತೇವಾಧಿಕಾರಿಯ ಬಳಿ ಓಡಿದೆ. ಅವರು ಗ್ಯಾಲರಿಯ ಕೆಳಗೆ ಒಂದು ಚಪ್ಪಡಿಯ ಮೇಲೆ ಕೂತಿದ್ದರು.

“ಸಾರ್, ಹಾದಿ ಕೆರೆಯಾಗಿದೆ.”

“ಹಾದಿ ನನ್ನ ವ್ಯಾಪ್ತಿಗೆ ಬರಲ್ಲ. ಈ ಪರೀಕ್ಷಾ ಚಪ್ಪಡಿ ಬರುತ್ತೆ. ಮುಟ್ಟಿ ನೋಡು.”

ಮುಟ್ಟಿದೆ. ಒಣಗಿದ್ದಷ್ಟೇ ಅಲ್ಲ, ಬೆಚ್ಚಗೂ ಇತ್ತು.

“ಮೇಲೆ ಸೂರಿದೆಯಲ್ಲ ಸಾರ್.”

“ಮೊದಲು ಇದು ಬಯಲಲ್ಲೇ ಇತ್ತಪ್ಪ. ಹಿಂದಿನ ಅಧಿಕಾರಿಗೆ ನೆಗಡಿಯಾಯ್ತು.”

“ನಾನೇ ಒಂದು ಚೊಂಬು ನೀರು ಸುರೀಲಾ?”

“ಸುರಿ. ಅದು ಒದ್ದೆ ಅನ್ನಿಸಿಕೊಳ್ಳಲ್ಲ, ಗಲೀಜು ಅನ್ನಿಸಿಕೊಳ್ಳುತ್ತೆ. ಗುಡಿಸೋರ ಇಲಾಖೆ.”

ವಾಪಸು ಬಂದೆ.

“ಏನಂತೆ?” ಅಂದರು ಭಾವ.

“ಒಣಗಿದೆಯಂತೆ ಭಾವ.”

ಅವರು ಮುಖದ ನೀರು ಒರೆಸಿಕೊಂಡು, “ಹಾಗಾದ್ರೆ ಸರಿ,” ಎಂದು ಕಾರು ಹತ್ತಿದರು.

ಮೊದಲ ತಿರುವಿನಲ್ಲೇ ಕಾರುಗಳೆಲ್ಲ ಕಾಗದದ ದೋಣಿಗಳಂತೆ ತೇಲಿಹೋಗಿ ಬೇಲಿಗೆ ಒರಗಿದವು. ಭಾವನ ಕಾಲು ಮುರಿಯಿತು. ಆಂಬುಲೆನ್ಸಿಗೆ ಮಂಡಳಿಯ ಟೈರು ನಿಯಮ ಅನ್ವಯಿಸದ ಕಾರಣ ಅದಕ್ಕೆ ಕಚ್ಚಿನ ಟೈರಿತ್ತು. ಹಾದಿಯಲ್ಲಿ ಹಿಂದಕ್ಕೆ ತಿರುಗುವುದು ನಿಷಿದ್ಧವಾದ್ದರಿಂದ ಅದು ಭಾವನನ್ನು ಮಲಗಿಸಿಕೊಂಡು, ಇಡೀ ಸುತ್ತು ಹಾಕಿ ಅಂತಿಮ ಗೆರೆ ದಾಟಿತು. ದಾಟಿದ್ದು ಅದೊಂದೇ.

ಧ್ವನಿವರ್ಧಕ ಪ್ರಕಟಿಸಿತು: “ಆಂಬುಲೆನ್ಸ್ ಚಾಲಕರಿಗೆ ಪ್ರಥಮ ಬಹುಮಾನ. ಅವರಿಗಿಂತ ನಾಲ್ಕು ಅಡಿ ಹಿಂದೆ, ಮಲಗಿದ ಸ್ಥಿತಿಯಲ್ಲಿ ಗೆರೆ ದಾಟಿದವರಿಗೆ ದ್ವಿತೀಯ.”

ಜನ ಚಪ್ಪಾಳೆ ತಟ್ಟಿದರು. ತೇವಾಧಿಕಾರಿ ಕೂತಲ್ಲಿಂದಲೇ ತಟ್ಟಿದರು.

ಮನೆ ಬಾಗಿಲಲ್ಲಿ ಅಕ್ಕ ಮೊದಲು ಭಾವನ ಕಾಲಿನ ಪ್ಲಾಸ್ಟರ್ ನೋಡಿದಳು, ಆಮೇಲೆ ಬಹುಮಾನದ ಬೆಳ್ಳಿ ಕಪ್ ನೋಡಿದಳು. ಬಾಗಿಲು ಬಿಟ್ಟು ಸರಿದಳು.

“ಮುಂದಿನ ಸಲ ಮೊದಲಿಂದಲೇ ಆಂಬುಲೆನ್ಸಲ್ಲಿ ಕೂತ್ಕೊಂಡ್ರಾಗಲ್ವಾ?”

“ಸುಮ್ನೆ ಕೂತ್ಕೊಳ್ಳಕ್ಕೆ ಬಿಡಲ್ಲ ಕಣೇ. ಏನಾದ್ರೂ ಮುರ್ಕೊಂಡೇ ಹತ್ತಬೇಕು. ನಿಯಮ.”

ಅಕ್ಕ ನನ್ನ ಕಾಲುಗಳ ಕಡೆ ನೋಡಿದಳು. ನಮ್ಮೂರ ಸುತ್ತಮುತ್ತ ಇಂಥ ಗಟ್ಟಿ ಕಾಲು ಇನ್ನೊಬ್ಬನಿಗಿಲ್ಲ. ಮುಂದಿನ ಓಟಕ್ಕೆ ಹೆಸರು ಕೊಟ್ಟಿದ್ದೇನೆ.