ಮಾವ ನೋಡಿದ ಮಿಲ್ಲಿಂಗ್ ಮಿಷಿನ್

ಯಾರೂ ನೋಡದಿದ್ದಾಗ ನಾನು ಸಾಕಷ್ಟು ಒಳ್ಳೆಯ ಕೆಲಸಗಾರ. ಯಾರಾದರೂ ಎದುರಿಗೆ ನಿಂತು ಬೆರಗಿನಿಂದ ನೋಡತೊಡಗಿದರೆ ಮುಗಿಯಿತು, ಕೈಯಲ್ಲಿದ್ದ ವಿದ್ಯೆಯೆಲ್ಲ ನಾಲಿಗೆಗೆ ಹತ್ತಿಬಿಡುತ್ತದೆ. ಈ ರೋಗ ಹುಟ್ಟಿನಿಂದಲೇ ಇದ್ದಿರಬೇಕು. ಉಲ್ಬಣಿಸಿದ್ದು ಮಾತ್ರ ರಾಯಚೂರಿನಲ್ಲಿ, ಎರಡನೆಯ ಮಹಾಯುದ್ಧದ ಕಾಲದಲ್ಲಿ, ನಾನು ಯಂತ್ರದ ಕೆಲಸ ಕಲಿಯುತ್ತಿದ್ದಾಗ.

ನಮ್ಮಪ್ಪ ದೇವದುರ್ಗದಲ್ಲಿ ಬಂಡಿಗಾಲಿ ಮಾಡುವ ಬಡಿಗರು. ನಾನು ಮರ ಬಿಟ್ಟು ಕಬ್ಬಿಣಕ್ಕೆ ಹೋದದ್ದು ಅವರಿಗೆ ಸೇರಿರಲಿಲ್ಲ. ನನಗೋ, ಊರಿಗೆ ಹೋದಾಗಲೆಲ್ಲ ಅಂಗಿಗೆ ಅಂಟಿದ ಎಣ್ಣೆಯ ಕಲೆ ತೊಳೆಯದೆ ತೋರಿಸಿಕೊಂಡು ತಿರುಗುವಷ್ಟು ಹೆಮ್ಮೆ. ನಮ್ಮ ವರ್ಕ್‌ಶಾಪಿನಲ್ಲಿ ಮಿಲ್ಲಿಂಗ್ ಮಿಷಿನ್ ಇದ್ದದ್ದು ಒಂದೇ. ನೆಟ್ಟಗೆ ನಿಂತ ಕಟರ್ ಗರಗರ ತಿರುಗುತ್ತಿದ್ದರೆ, ಕೆಳಗಿನ ಮೇಜಿನ ಮೇಲೆ ಇಕ್ಕಳದಂಥ ವೈಸಿನ ಹಿಡಿತದಲ್ಲಿ ಕೂತ ಕಬ್ಬಿಣ, ನಾವು ಹಿಡಿಕೆ ತಿರುಗಿಸಿದಂತೆ ಅದರ ಬಾಯಿಗೆ ಸರಿಯುತ್ತಿತ್ತು. ಕಲಿಸುತ್ತಿದ್ದ ಉಸ್ತಾದರು, "ನಾ ಇಲ್ಲದಾಗ ಇದಕ್ಕ ಕೈ ಹಚ್ಚಿದವ ಅವತ್ತೇ ಗಂಟು ಕಟ್ಟಬೇಕು ಮಿಯಾ," ಎಂದು ವಾರಕ್ಕೊಮ್ಮೆ ನೆನಪಿಸುತ್ತಿದ್ದರು.

ಅವರು ಮಧ್ಯಾಹ್ನದ ನಮಾಜಿಗೆ ಹೋದ ಒಂದು ದಿನ, ಮಾನ್ವಿಯಿಂದ ಬಂದ ಹಿರಿಯರೊಬ್ಬರು ಬಾಗಿಲಲ್ಲಿ ನಿಂತರು. ಅವರ ಮಗಳನ್ನು ನನಗೆ ಕೊಡುವ ಮಾತು ನಡೆದಿತ್ತು. ಹುಡುಗಿಯನ್ನು ನಾನು ನೋಡಿ, ಒಪ್ಪಿ, ಕನಸು ಕಾಣುವುದಕ್ಕೂ ಶುರು ಮಾಡಿದ್ದೆ. ಅವರು ಇನ್ನೂ ಹೂಂ ಅಂದಿರಲಿಲ್ಲ. ಅವರೂ ಬಡಿಗರೇ. ಮರದವರಿಗೆ ಮಿಷಿನ್ ಏನು ತಿಳಿದೀತು ಎಂಬ ಧೈರ್ಯ ನನಗೆ.

"ಬರ್ರಿ, ಬರ್ರಿ. ಕಬ್ಬಿಣ ಅನ್ನೂದು ಇದಕ್ಕ ಬೆಣ್ಣಿ ಇದ್ದಂಗ ನೋಡ್ರಿ!"

"ಹೌದೇನಪ್ಪಾ? ನೀನ ನಡಸ್ತಿಯೇನು ಇದನ್ನ?"

ಅಲ್ಲಿಯವರೆಗೆ ನಾನು ಆ ಹಿಡಿಕೆ ಮುಟ್ಟಿದ್ದು ಮೂರೇ ಸಲ, ಅದೂ ಉಸ್ತಾದರ ಕೈ ನನ್ನ ಕೈಮೇಲಿದ್ದಾಗ. "ನಾ ಇಲ್ಲಂದ್ರ ಇದು ನಡೆಯಂಗೇ ಇಲ್ರಿ," ಎಂದೆ.

ಮಾತಾಡುತ್ತಲೇ ಒಂದು ಕಬ್ಬಿಣದ ತುಂಡನ್ನು ವೈಸಿಗೆ ಸಿಕ್ಕಿಸಿದೆ. ಅವರು ಬಗ್ಗಿ ನೋಡಿ, "ಇನ್ನೊಂದೀಟು ಬಿಗಿಬೇಕನ್ನಿಸ್ತದಲ್ಲಪ್ಪಾ?" ಎಂದರು.

"ಇಲ್ರಿ, ಮಿಷಿನ್ ಕೆಲಸಾನ ಬ್ಯಾರೆ ಇರ್ತದ್ರಿ."

ಚಾಲೂ ಮಾಡಿ ಹಿಡಿಕೆ ತಿರುಗಿಸಿದೆ. ಕಟರ್ ತಾಗಿದ್ದೇ ತಡ, ಫಳ್ ಎಂದು ಸಪ್ಪಳವಾಯಿತು. ಕಟರ್ ಎರಡು ತುಂಡು. ಕಬ್ಬಿಣ ನನ್ನ ಕಿವಿಯ ಪಕ್ಕದಿಂದ ಹಾರಿ ಗೋಡೆಯ ಗಾರೆ ಕಿತ್ತಿತು. ಮಿಷಿನ್ ನಿಲ್ಲಿಸಿ ತಿರುಗಿದರೆ ಹಿರಿಯರು ಆಗಲೇ ಕಂಬದ ಹಿಂದೆ ನಿಂತಿದ್ದರು. ಯಾವಾಗ ಹೋಗಿದ್ದರೋ!

"ಇದು ಹಿಂಗ ಆಗೂದೇನಪ್ಪಾ?"

"ಹೌದ್ರಿ. ದಿನಾ ಹಿಂಗ."

ಅಷ್ಟರಲ್ಲಿ ಉಸ್ತಾದರು ಒಳಗೆ ಬಂದರು. ಯುದ್ಧದ ದೆಸೆಯಿಂದ ವಿಲಾಯಿತಿಯ ಕಟರ್ ಬರುವುದೇ ನಿಂತಿತ್ತು. ಮುರಿದ ತುಂಡುಗಳನ್ನು ಅವರು ಸತ್ತ ಗಿಣಿಯಂತೆ ಅಂಗೈಯಲ್ಲಿಟ್ಟುಕೊಂಡು, "ಯಾರು ನಡಿಸಿದ್ದು?" ಎಂದರು.

"ತಾನ ಚಾಲೂ ಆತ್ರಿ, ಉಸ್ತಾದ್."

"ತಾನ ಚಾಲೂ ಆಗಿ, ತಾನ ಕಬ್ಬಿಣ ತಗೊಂಡು, ತಾನ ವೈಸಿಗೆ ಇಟ್ಕೊಂಡ್ತೇನು ಮಿಯಾ? ಕಟ್ಟು ಗಂಟು!"

ಆಗ ಹಿರಿಯರು ಕಂಬದ ಮರೆಯಿಂದ ಬಂದು ಕೈಮುಗಿದರು. "ತಪ್ಪು ನಂದ್ರಿ ಉಸ್ತಾದ್ರ. ನಡಿಸಿ ತೋರ್ಸು ಅಂತ ನಾನ ಹಟಾ ಹಿಡಿದಿದ್ದೆ."

ಉಸ್ತಾದರು ಅವರನ್ನೊಮ್ಮೆ, ನನ್ನನ್ನೊಮ್ಮೆ ನೋಡಿದರು. ಎರಡು ತಿಂಗಳು ಬರೀ ಅರ ಹಿಡಿದು ಕಬ್ಬಿಣ ಉಜ್ಜಬೇಕು, ಮಿಷಿನ್ನಿನ ನೆರಳಿಗೂ ಹೋಗಬಾರದು ಎಂದು ಶಿಕ್ಷೆ ಕೊಟ್ಟು ಬಿಟ್ಟರು.

ಮಾನ್ವಿ ಮೋಟಾರು ಹತ್ತಿಸಲು ಹೋದೆ. ದಾರಿಯುದ್ದಕ್ಕೂ ಹಿರಿಯರು ಬರೀ ಮಳೆ-ಬೆಳೆಯ ಮಾತಾಡಿದರು. ಸಂಬಂಧ ತಪ್ಪಿತೆಂದುಕೊಂಡು ಎಂಟು ದಿನ ಸರಿಯಾಗಿ ಉಣ್ಣಲಿಲ್ಲ. ಒಂಬತ್ತನೆಯ ದಿನ, ಅವರು ಒಪ್ಪಿದ್ದಾರೆಂದು ಅಪ್ಪನ ಕಾಗದ ಬಂತು. ಕಟರ್ ಮುರಿದರೇನು, ನನ್ನ ಗತ್ತು ಅವರ ಮನಸ್ಸಿಗೆ ಹಿಡಿಸಿರಬೇಕೆಂದು ಬೀಗಿದೆ. ಮದುವೆಯಾಗಿ ವರ್ಷಗಳಾದರೂ ಬೀಗುತ್ತಲೇ ಇದ್ದೆ.

ಒಂದು ದಿನ ಹೆಂಡತಿಗೆ ತಡೆಯಲಾಗಲಿಲ್ಲ. "ಅವತ್ತ ಅಪ್ಪ ಮನಿಗೆ ಬಂದು ಏನಂದ್ರು ಗೊತ್ತೇನು? 'ಹುಡುಗಗ ಕೆಲಸ ಬರಂಗಿಲ್ಲ, ಕಲೀತಾನ. ಆದ್ರ ಸುಳ್ಳು ಹೇಳೂದು ಜೀವಮಾನದಾಗ ಕಲಿಯಂಗಿಲ್ಲ. ನಮ್ಮ ಮಗಳು ಸುಖದಾಗಿರ್ತಾಳ' ಅಂದ್ರು."

"ಹಂಗೇನಿಲ್ಲ," ಎಂದೆ ನಾನು, "ಅವತ್ತು ಆ ಮಿಷಿನ್ನೇ ಸರಿ ಇರಲಿಲ್ಲ."

ಅವಳು ನನ್ನ ಮುಖವನ್ನೇ ಒಂದು ಕ್ಷಣ ನೋಡಿ, ನಗುತ್ತ ಒಳಗೆ ಹೋದಳು.